ಫೋನ್ ಕಂಪನಿ ನಮ್ಮ ಕರೆಗಳ ಲೆಕ್ಕವನ್ನು ಯಾರಿಗೆ ಕೊಟ್ಟಿತು?

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದಾರೆ. ನಾನು ಮೈಸೂರಿನಲ್ಲಿ ದಿನಾ ತಿಂಡಿ ಮುಗಿಸಿ ಅವರಿಗೆ ಫೋನ್ ಮಾಡುತ್ತೇನೆ. ಅಲ್ಲಿನ ಫೋನ್ ಕಂಪನಿಗಳು ಸರ್ಕಾರದ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ಗ್ರಾಹಕರ ಕರೆಗಳನ್ನೆಲ್ಲ ಒಪ್ಪಿಸಿದ್ದವು ಅಂತ ಅಳಿಯ ಹೇಳುತ್ತಾರೆ. ಇದು ನಿಜವೇ? ಕಂಪನಿಗಳು ಯಾಕೆ ಒಪ್ಪಿದವು? ನಾವು ತಾಯಿ ಮಗಳು ಆಡುವ ಮಾತನ್ನೂ ಯಾರಾದರೂ ಕೇಳುತ್ತಾರಾ? ನಮ್ಮ ದೇಶದಲ್ಲಿ ಹೇಗೆ?

ಉತ್ತರ: ನಿಮ್ಮ ಅಳಿಯ ಹೇಳಿದ್ದು ನಿಜ, ಅಮ್ಮಾ. ಅದು ಒಂದು ಸಲ ಆಗಿ ಮುಗಿದ ಕತೆಯೂ ಅಲ್ಲ. 1945ರಿಂದ ಬೇರೆ ಬೇರೆ ಹೆಸರಿನಲ್ಲಿ ನಡೆದುಕೊಂಡು ಬಂದಿದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಒಟ್ಟಿಗೆ ಕಲಸಿಹೋಗಿವೆ. ಮಾತು ಕದ್ದು ಕೇಳುವುದು ಒಂದು. ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಫೋನ್ ಮಾಡಿದರು ಎಂಬ ಲೆಕ್ಕ ತೆಗೆದುಕೊಳ್ಳುವುದು ಇನ್ನೊಂದು. ಫೋನ್ ಗ್ರಾಹಕರದ್ದು ಅಂತ ರಾಶಿರಾಶಿಯಾಗಿ ಹೋಗಿದ್ದು ಈ ಲೆಕ್ಕ. ಮೊದಲು ಅದನ್ನೇ ಹೇಳುತ್ತೇನೆ. ‘ಮಾತು ಕೇಳಲಿಲ್ಲವಲ್ಲ, ಹೋಗಲಿ ಬಿಡಿ’ ಅಂತ ಸುಮ್ಮನಾಗುವವರು ಜಾಸ್ತಿ. ಅವರಿಗೆ ಈ ಲೆಕ್ಕ ಎಂಥದ್ದು ಅಂತ ಗೊತ್ತಿರುವುದಿಲ್ಲ.

ನಾನು ಹಲವು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ್ದೇನೆ. ನೀವು ಒಂದು ಕರೆ ಮಾಡಿ ಫೋನ್ ಇಟ್ಟ ಕೂಡಲೇ ಅಲ್ಲಿ ಒಂದು ಸಾಲು ದಾಖಲಾಗುತ್ತದೆ. ಕರೆ ಮಾಡಿದ ನಂಬರ್, ಕರೆ ಹೋದ ನಂಬರ್, ಶುರುವಾದ ಸಮಯ, ಎಷ್ಟು ಸೆಕೆಂಡ್, ಯಾವ ದಾರಿ ಹಿಡಿದು ಹೋಯಿತು. ಮೊಬೈಲ್ ಆದರೆ ಯಾವ ಟವರ್ ಅನ್ನುವುದೂ ಇರುತ್ತದೆ. ಇದಕ್ಕೆ ನಾವು ಸಿಡಿಆರ್ ಅನ್ನುತ್ತೇವೆ. ಇದು ಹುಟ್ಟಿದ್ದು ಬಿಲ್ ಹಾಕುವುದಕ್ಕೆ. ಒಂದೇ ಸಾಲು ನೋಡಿದರೆ ಏನೂ ತಿಳಿಯುವುದಿಲ್ಲ. ಎರಡು ತಿಂಗಳ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ.

ಒಂದು ಮನೆಯ ಫೋನ್ ಅಂದುಕೊಳ್ಳೋಣ. ಮದುವೆ ದಲ್ಲಾಳಿಯಿಂದ ಒಂದು ಕರೆ ಬರುತ್ತದೆ. ಮಾರನೇ ದಿನ ಈ ಮನೆಯಿಂದ ಹಾಸನದ ಒಂದು ನಂಬರಿಗೆ ಇಪ್ಪತ್ತು ನಿಮಿಷ. ಆಮೇಲೆ ಜೋಯಿಸರ ನಂಬರಿಗೆ. ಅಲ್ಲಿಂದ ಮೂರು ವಾರ ಹಾಸನದ ನಂಬರಿಗೆ ದಿನ ಬಿಟ್ಟು ದಿನ ಕರೆ. ಒಂದು ಸಂಜೆ ಹಾಸನದಿಂದ ಕರೆ ಬರುತ್ತದೆ, ಒಂದು ನಿಮಿಷ ಹತ್ತು ಸೆಕೆಂಡ್. ಅದಾದ ಐದೇ ನಿಮಿಷಕ್ಕೆ ಈ ಮನೆಯಿಂದ ಸೋದರಮಾವನ ನಂಬರಿಗೆ ಮುಕ್ಕಾಲು ಗಂಟೆ. ಹಾಸನದ ನಂಬರ್ ಮತ್ತೆ ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಇಲ್ಲಿ ನಾನು ಒಂದು ಮಾತನ್ನೂ ಕೇಳಿಸಿಕೊಂಡಿಲ್ಲ. ಆದರೂ ಆ ಮನೆಯಲ್ಲಿ ಅವತ್ತು ರಾತ್ರಿ ಊಟ ಸೇರಿರಲಿಕ್ಕಿಲ್ಲ ಅಂತ ನಿಮಗೂ ಗೊತ್ತಾಯಿತು, ಅಲ್ವಾ? ಅಕ್ಕಪಕ್ಕದವರಿಗೂ ಹೇಳದೆ ಇಟ್ಟುಕೊಂಡ ಸಂಗತಿ ಅದು. ಕೋಟ್ಯಂತರ ಮನೆಗಳ ಇಂಥ ಪಟ್ಟಿಯನ್ನು ಅಮೆರಿಕದ ಸರ್ಕಾರ ಕಂಪನಿಗಳಿಂದ ತೆಗೆದುಕೊಂಡಿತು.

ಈಗ ಹಳೆಯ ಕತೆಗೆ ಬರುತ್ತೇನೆ. ಎರಡನೇ ಮಹಾಯುದ್ಧ ಮುಗಿದಾಗ, ಅಂದರೆ 1945ರಲ್ಲಿ, ಅಮೆರಿಕದ ಸೇನೆಯವರು ಮೂರು ತಂತಿ (ಟೆಲಿಗ್ರಾಂ) ಕಂಪನಿಗಳ ಬಾಗಿಲಿಗೆ ಹೋದರು: ವೆಸ್ಟರ್ನ್ ಯೂನಿಯನ್, ಆರ್‌ಸಿಎ, ಐಟಿಟಿ. ಹೊರದೇಶಕ್ಕೆ ಹೋಗುವ, ಅಲ್ಲಿಂದ ಬರುವ ತಂತಿಗಳ ನಕಲು ನಮಗೆ ಬೇಕು ಅಂದರು. ಯುದ್ಧ ಮುಗಿದ ಮೇಲೆ ಅದಕ್ಕೆ ಕಾನೂನಿನ ಬಲ ಇರಲಿಲ್ಲ. ಕಂಪನಿಗಳಿಗೂ ಭಯ ಇತ್ತು, ನಾಳೆ ನಮ್ಮ ಮೇಲೆ ಕೇಸ್ ಬಿದ್ದರೆ ಏನು ಗತಿ ಅಂತ. ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಫಾರೆಸ್ಟಲ್ 1947ರಲ್ಲಿ ಕಂಪನಿಯವರನ್ನು ಕರೆಸಿ ಭರವಸೆ ಕೊಟ್ಟರು. ನ್ಯಾಯಾಲಯದ ವಾರಂಟ್ ಇಲ್ಲ. ಬಾಯಿ ಮಾತಿನ ಮೇಲೆ ಕೆಲಸ ನಡೆಯಿತು. ಶ್ಯಾಮ್‌ರಾಕ್ ಎಂಬ ಗುಟ್ಟಿನ ಹೆಸರಿನ ಈ ಯೋಜನೆ ಮೂವತ್ತು ವರ್ಷ ನಡೆಯಿತು. 1952ರಲ್ಲಿ ಹುಟ್ಟಿದ ನ್ಯಾಷನಲ್ ಸೆಕ್ಯುರಿಟಿ ಏಜೆನ್ಸಿ, ಅಂದರೆ ಎನ್‌ಎಸ್‌ಎ, ಇದನ್ನು ವಹಿಸಿಕೊಂಡಿತು. ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ತಿಂಗಳಿಗೆ 1,50,000 ತಂತಿಗಳನ್ನು ಅಲ್ಲಿ ಕೂತವರು ಓದಿ ನೋಡುತ್ತಿದ್ದರು. 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ತನಿಖೆಗೆ ಇಳಿದ ಮೇಲೆ ಇದು ಬಯಲಾಯಿತು. ಅದರ ಫಲವಾಗಿ 1978ರಲ್ಲಿ ಫೀಸಾ ಎಂಬ ಕಾನೂನು ಬಂತು. ದೇಶದೊಳಗೆ ಬೇಹುಗಾರಿಕೆಗಾಗಿ ಫೋನ್ ಕೇಳಬೇಕಾದರೆ ಇನ್ನು ಮುಂದೆ ವಿಶೇಷ ನ್ಯಾಯಾಲಯದ ಅನುಮತಿ ಬೇಕು ಅಂತಾಯಿತು.

ಆ ಕಾನೂನನ್ನು ದಾಟಿ ಹೋದದ್ದು 2001ರಲ್ಲಿ. ಸೆಪ್ಟೆಂಬರ್ 11ರ ದಾಳಿಯ ನಂತರ, ಅಕ್ಟೋಬರ್ 4ರಂದು ಅಧ್ಯಕ್ಷ ಜಾರ್ಜ್ ಬುಷ್ ಒಂದು ಗುಪ್ತ ಆದೇಶಕ್ಕೆ ಸಹಿ ಹಾಕಿದರು. ಎನ್‌ಎಸ್‌ಎ ಫೀಸಾ ನ್ಯಾಯಾಲಯದ ಅನುಮತಿ ಇಲ್ಲದೆ ಕದ್ದು ಕೇಳುವ ಕೆಲಸ ಶುರು ಮಾಡಿತು. ಜನರಿಗೆ ಇದು ಗೊತ್ತಾಗಿದ್ದು 2005ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕ್ ಟೈಮ್ಸ್ ಬರೆದ ಮೇಲೆ. ಆದರೆ ಪತ್ರಿಕೆಗಿಂತ ಮುಂಚೆ ಅದನ್ನು ಕಣ್ಣಾರೆ ಕಂಡ ಒಬ್ಬ ಟೆಕ್ನಿಷಿಯನ್ ಇದ್ದರು. ಅವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಮಾರ್ಕ್ ಕ್ಲೈನ್ ಎಟಿ ಅಂಡ್ ಟಿ ಎಂಬ ಫೋನ್ ಕಂಪನಿಯಲ್ಲಿ 22 ವರ್ಷ ದುಡಿದವರು. ಸ್ಯಾನ್ ಫ್ರಾನ್ಸಿಸ್ಕೋದ ಫೋಲ್ಸಮ್ ಸ್ಟ್ರೀಟ್‌ನ 611ನೇ ನಂಬರಿನ ಕಟ್ಟಡ. 2003ರ ಜನವರಿಯಲ್ಲಿ ಅವರು ಅಲ್ಲಿಗೆ ಹೋದಾಗ ಆರನೇ ಮಹಡಿಯಲ್ಲಿ, ಫೋನ್ ಸ್ವಿಚ್ ಇರುವ ಕೋಣೆಯ ಪಕ್ಕದಲ್ಲೇ ಒಂದು ಹೊಸ ಕೋಣೆ ಕಟ್ಟುತ್ತಿದ್ದರು. ಕೋಣೆ 641ಎ. ಅದೇ ಕಟ್ಟಡದಲ್ಲಿ ದುಡಿಯುವ ಟೆಕ್ನಿಷಿಯನ್‌ಗಳಿಗೆ ಅದರೊಳಗೆ ಪ್ರವೇಶ ಇಲ್ಲ. ಎನ್‌ಎಸ್‌ಎ ಒಪ್ಪಿದ ಒಬ್ಬರು ಮಾತ್ರ ಹೋಗಬಹುದಿತ್ತು. ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರಿಗೆ ಇದು ಎಷ್ಟು ವಿಚಿತ್ರ ಅನ್ನುವುದು ಗೊತ್ತು. ಎಲ್ಲಿ ಯಾವ ವೈರ್ ಹೋಗಿದೆ ಅನ್ನುವುದು ಅಲ್ಲಿನ ನೌಕರನಿಗೆ ಮನೆಯ ಅಡುಗೆಮನೆ ಡಬ್ಬಿಗಳಷ್ಟೇ ಪರಿಚಯ. ತಾನು ನೋಡಿಕೊಳ್ಳುವ ಕಟ್ಟಡದಲ್ಲಿ ತನಗೇ ಬೀಗ ಹಾಕಿದ ಕೋಣೆ ಇದ್ದರೆ ಯಾರಿಗಾದರೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಅದೇ ವರ್ಷ ಕ್ಲೈನ್ ಅವರಿಗೆ ಆ ಕಟ್ಟಡದ ಇಂಟರ್ನೆಟ್ ಕೋಣೆಯ ಜವಾಬ್ದಾರಿ ಬಂತು. ಆಗ ಕೈಗೆ ಸಿಕ್ಕ ವೈರಿಂಗ್ ದಾಖಲೆಗಳನ್ನು ಓದಿ ಅವರಿಗೆ ಎಲ್ಲ ಅರ್ಥವಾಯಿತು. ಏಳನೇ ಮಹಡಿಯಲ್ಲಿ ಬೇರೆ ಕಂಪನಿಗಳ ಜಾಲದ ಜೊತೆ ಕೂಡುವ ಫೈಬರ್ ಕೇಬಲ್‌ಗಳಿಗೆ ಸ್ಪ್ಲಿಟರ್ ಹಾಕಿದ್ದರು. ಸ್ಪ್ಲಿಟರ್ ಅಂದರೆ ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ಎರಡು ಭಾಗ ಮಾಡುವ ಸಣ್ಣ ಸಾಧನ. ಕಾಲುವೆ ಒಡೆದರೆ ನೀರು ಹಂಚಿಹೋಗುತ್ತದೆ, ಕೆಳಗಿನ ಗದ್ದೆಯವನಿಗೆ ಕಡಿಮೆ ನೀರು ಬಂದು ಗೊತ್ತಾಗುತ್ತದೆ. ಬೆಳಕು ಹಾಗಲ್ಲ. ಎರಡು ಮಾಡಿದರೆ ಸ್ವಲ್ಪ ಮಂಕಾಗುತ್ತದೆ ಅಷ್ಟೇ. ಅದರಲ್ಲಿರುವ ವಿಷಯ ಎರಡೂ ಕಡೆ ಪೂರ್ತಿ ಹೋಗುತ್ತದೆ. ಒಂದು ಎಳೆ ಗ್ರಾಹಕನ ಮೇಲ್ ಹೊತ್ತುಕೊಂಡು ತನ್ನ ದಾರಿ ಹಿಡಿಯಿತು. ಇನ್ನೊಂದು ಎಳೆ ಅದೇ ಮೇಲ್ ಹೊತ್ತು ಕೆಳಗಿನ 641ಎಗೆ ಇಳಿಯಿತು. ಮೇಲ್ ಕಳಿಸಿದವರಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಇಂಥದ್ದೇ ಕೋಣೆಗಳು ನಿಮ್ಮ ಮಗಳಿರುವ ಸ್ಯಾನ್ ಹೋಸೆಯಲ್ಲೂ, ಸಿಯಾಟಲ್, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋಗಳಲ್ಲೂ ಇವೆ ಅಂತ ಸಹೋದ್ಯೋಗಿಗಳಿಂದ ತಿಳಿಯಿತು ಎಂದು ಕ್ಲೈನ್ ಆಮೇಲೆ ಪ್ರಮಾಣ ಮಾಡಿ ಹೇಳಿದರು.

ಅವರು 2004ರಲ್ಲಿ ನಿವೃತ್ತರಾದರು. 2006ರ ಜನವರಿಯಲ್ಲಿ ಆ ಕಾಗದಗಳನ್ನು ಹಿಡಿದುಕೊಂಡು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎಂಬ ಸಂಸ್ಥೆಯ ಬಾಗಿಲು ತಟ್ಟಿದರು. ಆ ಸಂಸ್ಥೆ ಗ್ರಾಹಕರ ಪರವಾಗಿ ಎಟಿ ಅಂಡ್ ಟಿ ಮೇಲೆ ಕೇಸ್ ಹಾಕಿತು. ಕೇಸ್ ವಜಾ ಮಾಡಿ ಅಂತ ಸರ್ಕಾರ, ಕಂಪನಿ ಎರಡೂ ಕೇಳಿದವು. ನ್ಯಾಯಾಧೀಶ ವಾನ್ ವಾಕರ್ ಒಪ್ಪಲಿಲ್ಲ. ಕ್ಲೈನ್ 2025ರಲ್ಲಿ ತೀರಿಕೊಂಡರು. ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಆರಾಮಾಗಿ ಇರಬಹುದಾಗಿದ್ದ ಮನುಷ್ಯ ದೇಶದ ಅತಿ ದೊಡ್ಡ ಫೋನ್ ಕಂಪನಿಗಳಲ್ಲೊಂದರ ಎದುರು ನಿಂತರು. ನಮ್ಮ ಕಸುಬಿನವರು ಅವರನ್ನು ನೆನೆಯಬೇಕು.

ಕಂಪನಿಗಳು ಯಾಕೆ ಒಪ್ಪಿದವು ಅಂತ ಕೇಳಿದ್ದೀರಿ. ಇದಕ್ಕೆ ಉತ್ತರ ಒಪ್ಪದ ಒಂದು ಕಂಪನಿಯ ಕತೆಯಲ್ಲಿದೆ. 2006ರ ಮೇ ತಿಂಗಳಲ್ಲಿ ಯುಎಸ್‌ಎ ಟುಡೇ ಪತ್ರಿಕೆ, ದೇಶದೊಳಗಿನ ಕರೆಗಳ ಲೆಕ್ಕವನ್ನೆಲ್ಲ ಎನ್‌ಎಸ್‌ಎ ಕೂಡಿಡುತ್ತಿದೆ ಅಂತ ಬರೆಯಿತು. ಅದರ ಜೊತೆಗೆ ಡೆನ್ವರ್‌ನ ಕ್ವೆಸ್ಟ್ ಎಂಬ ಕಂಪನಿ ಕೊಡಲು ಒಪ್ಪಲಿಲ್ಲ ಅಂತಲೂ ಬರೆಯಿತು. ಕ್ವೆಸ್ಟ್‌ನ ಆಗಿನ ಮುಖ್ಯಸ್ಥ ಜೋಸೆಫ್ ನಾಚಿಯೋ ಕೇಳಿದ್ದು ಒಂದೇ ಪ್ರಶ್ನೆ: ನ್ಯಾಯಾಲಯದ ಕಾಗದ ಎಲ್ಲಿ? ಕಾಗದ ಇಲ್ಲ, ತರುವ ಮನಸ್ಸೂ ಸರ್ಕಾರಕ್ಕಿಲ್ಲ ಅಂತ ಗೊತ್ತಾದಾಗ ಕೊಡುವುದಿಲ್ಲ ಅಂದರು. ಇದೇ ನಾಚಿಯೋ 2007ರಲ್ಲಿ ಷೇರು ಮಾರಾಟದ ಬೇರೊಂದು ಅಪರಾಧಕ್ಕೆ ಶಿಕ್ಷೆಗೊಳಗಾದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಪ್ರಶ್ನೆಯನ್ನು ಕೇಳಬಹುದಿತ್ತು, ಕೇಳಿದ ಮೇಲೂ ಆ ಕಂಪನಿಯ ಫೋನ್‌ಗಳು ಮೊಳಗುತ್ತಲೇ ಇದ್ದವು ಅನ್ನುವುದು ಗೊತ್ತಾಯಿತು.

ಉಳಿದವರು ಯಾಕೆ ಕೇಳಲಿಲ್ಲ? ದೇಶದ ಮೇಲೆ ದಾಳಿಯಾಗಿತ್ತು, ಸಹಾಯ ಮಾಡುತ್ತಿದ್ದೇವೆ ಅನ್ನುವ ಭಾವನೆ ನಿಜವಾಗಿಯೂ ಇತ್ತು. ಸರ್ಕಾರವೇ ಈ ಕಂಪನಿಗಳ ದೊಡ್ಡ ಗಿರಾಕಿ. ಲೈಸೆನ್ಸ್ ಕೊಡುವುದೂ ಅದೇ. ಹಣವೂ ಇತ್ತು: ಎಟಿ ಅಂಡ್ ಟಿ ಜೊತೆಗಿನ ಫೇರ್‌ವ್ಯೂ ಎಂಬ ಕಾರ್ಯಕ್ರಮಕ್ಕೆ ಎನ್‌ಎಸ್‌ಎ 2013ರಲ್ಲಿ ಇಟ್ಟ ಬಜೆಟ್ 18 ಕೋಟಿ 89 ಲಕ್ಷ ಡಾಲರ್. ಆ ನಂಟು 1985ರಿಂದ ಇತ್ತು. ಎಟಿ ಅಂಡ್ ಟಿಗೆ ‘ಸಹಾಯ ಮಾಡುವ ಮನಸ್ಸು ವಿಪರೀತ’ ಅಂತ ಎನ್‌ಎಸ್‌ಎ ದಾಖಲೆಗಳೇ ಬರೆದುಕೊಂಡಿದ್ದವು. ಇದೆಲ್ಲ ಒಂದು ಕಡೆ. ಇನ್ನೊಂದು ಕಡೆ ಗ್ರಾಹಕ ಇದ್ದ, ಅವನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಜಗಳ ಆಡುವುದಿಲ್ಲ, ಕನೆಕ್ಷನ್ ಬದಲಾಯಿಸುವುದಿಲ್ಲ. ನನ್ನ ಪ್ರಕಾರ ಗುಟ್ಟಿನ ದೊಡ್ಡ ಉಪಯೋಗ ಆಗಿದ್ದು ಕಂಪನಿಗಳಿಗೆ.

ಸಿಕ್ಕಿಬಿದ್ದ ಮೇಲಾದರೂ ದಂಡ ತೆತ್ತವಾ ಅಂದರೆ, ಇಲ್ಲ. 2008ರ ಜುಲೈನಲ್ಲಿ ಅಮೆರಿಕದ ಸಂಸತ್ತು ಫೀಸಾಗೆ ತಿದ್ದುಪಡಿ ತಂದು ಕಂಪನಿಗಳಿಗೆ ಹಿಂದಿನ ದಿನಾಂಕದಿಂದಲೇ ರಕ್ಷಣೆ ಕೊಟ್ಟಿತು. ‘ಅಧ್ಯಕ್ಷರು ಅನುಮತಿಸಿದ್ದಾರೆ, ಇದು ಕಾನೂನಿಗೆ ಸರಿಯಿದೆ’ ಎಂಬ ಪತ್ರ ಸರ್ಕಾರದಿಂದ ಬಂದಿತ್ತು ಅಂತ ತೋರಿಸಿದರೆ ಸಾಕು, ಕೇಸ್ ಮುಗಿಯಿತು. ಕೇಳಿದವರೂ ಸರ್ಕಾರ, ಕೇಳಿದ್ದು ಸರಿ ಅಂತ ಪತ್ರ ಬರೆದವರೂ ಸರ್ಕಾರ. ಆ ಪತ್ರದ ಮೇಲೆ ನ್ಯಾಯಾಧೀಶರ ಸಹಿ ಬೇಕಿರಲಿಲ್ಲ. 2009ರ ಜೂನ್‌ನಲ್ಲಿ ಅದೇ ವಾಕರ್ ಅವರು ಈ ಕಾನೂನಿನ ಪ್ರಕಾರ ಕೇಸ್ ವಜಾ ಮಾಡಬೇಕಾಯಿತು. ಇಡೀ ಕತೆಯಲ್ಲಿ ನನಗೆ ಅತಿ ಬೇಸರದ ಜಾಗ ಇದು.

ಮತ್ತೆ ಸುದ್ದಿಯಾದದ್ದು 2013ರ ಜೂನ್‌ನಲ್ಲಿ, ಎನ್‌ಎಸ್‌ಎಯಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆ ತಂದ ಕಾಗದಗಳಿಂದ. ಮೊದಲು ಅಚ್ಚಾದದ್ದು ವೆರೈಝನ್ ಎಂಬ ಫೋನ್ ಕಂಪನಿಯ ಒಂದು ವಿಭಾಗಕ್ಕೆ ಬಂದ ಆದೇಶ. ಈ ಸಲ ಸಹಿ ಇತ್ತು, ಫೀಸಾ ನ್ಯಾಯಾಲಯದ್ದೇ. ಆದರೆ ಅದು ಯಾವ ಒಬ್ಬ ಶಂಕಿತನ ಹೆಸರನ್ನೂ ಹೇಳುತ್ತಿರಲಿಲ್ಲ. ಅಮೆರಿಕ ಮತ್ತು ಹೊರದೇಶದ ನಡುವಿನ ಎಲ್ಲ ಕರೆ, ದೇಶದೊಳಗಿನ ಎಲ್ಲ ಕರೆ, ಲೋಕಲ್ ಕರೆಯೂ ಸೇರಿ, ಲೆಕ್ಕವನ್ನು ಪ್ರತಿದಿನ ಕೊಡಬೇಕು ಅಂತಿತ್ತು. ಈ ಆದೇಶ ಬಂದಿದೆ ಅಂತ ಯಾರಿಗೂ ಹೇಳಕೂಡದು ಅಂತಲೂ ಇತ್ತು. ಆ ವಿಭಾಗದ ಲೈನ್ ಇದ್ದ ಆಫೀಸಿನಿಂದ ಯಾರಾದರೂ ಮೈಸೂರಿಗೆ ಫೋನ್ ಮಾಡಿದ್ದರೆ ಆ ಸಾಲೂ ಅದರಲ್ಲಿ ಹೋಗಿದೆ.

ಕೂಡಿಟ್ಟ ಲೆಕ್ಕವನ್ನು ಐದು ವರ್ಷ ಇಡುತ್ತಿದ್ದರು. ಒಬ್ಬ ಶಂಕಿತ, ಅವನು ಫೋನ್ ಮಾಡಿದವರು, ಅವರು ಫೋನ್ ಮಾಡಿದವರು, ಮತ್ತೆ ಅವರು ಫೋನ್ ಮಾಡಿದವರು, ಹೀಗೆ ಮೂರು ಹೆಜ್ಜೆ ನೋಡಲು ಅನುಮತಿ ಇತ್ತು. ಒಬ್ಬೊಬ್ಬರಿಗೆ 40 ಜನ ಅಂದುಕೊಂಡರೂ 64,000 ಜನ ಆಗುತ್ತಾರೆ. ನಡುವೆ ಒಂದು ಗ್ಯಾಸ್ ಏಜೆನ್ಸಿಯ ನಂಬರ್ ಬಂದರೆ ಅರ್ಧ ಊರೇ ಒಳಗೆ ಬರುತ್ತದೆ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಅಮೆರಿಕ ಸರ್ಕಾರವೇ ನೇಮಿಸಿದ ಖಾಸಗಿತನ ಮಂಡಳಿ 2014ರ ಜನವರಿಯಲ್ಲಿ ವರದಿ ಕೊಟ್ಟಿತು. ಈ ಲೆಕ್ಕದಿಂದಲೇ ಒಂದು ಭಯೋತ್ಪಾದನೆ ತನಿಖೆಯ ಫಲಿತಾಂಶ ಬದಲಾದ ಒಂದೇ ಒಂದು ಉದಾಹರಣೆ ಸಿಗಲಿಲ್ಲ ಅಂದಿತು. ಅಧಿಕಾರಿಗಳು ಪದೇ ಪದೇ ತೋರಿಸುತ್ತಿದ್ದದ್ದು ಸ್ಯಾನ್ ಡಿಯಾಗೋದ ಒಬ್ಬ ಟ್ಯಾಕ್ಸಿ ಚಾಲಕನ ಪ್ರಕರಣ, ಸೊಮಾಲಿಯಾದ ಉಗ್ರರಿಗೆ ಸುಮಾರು 8,500 ಡಾಲರ್ ಕಳಿಸಿದ ಆರೋಪ. 2020ರಲ್ಲಿ ಅದೇ ಪ್ರಕರಣದ ಮೇಲ್ಮನವಿಯಲ್ಲಿ ಫೆಡರಲ್ ನ್ಯಾಯಾಲಯ, ಶಿಕ್ಷೆಯನ್ನು ಉಳಿಸಿಕೊಂಡರೂ, ಹೀಗೆ ರಾಶಿಯಾಗಿ ಲೆಕ್ಕ ಕೂಡಿಟ್ಟದ್ದು ಕಾನೂನುಬಾಹಿರ ಅಂತ ಹೇಳಿತು. ಅಷ್ಟರಲ್ಲಿ 2015ರ ಹೊಸ ಕಾನೂನಿನಿಂದ ಎನ್‌ಎಸ್‌ಎ ತಾನೇ ರಾಶಿ ಹಾಕುವುದು ನಿಂತಿತ್ತು. ಲೆಕ್ಕ ಕಂಪನಿಯಲ್ಲೇ ಇರುತ್ತದೆ, ಹುಡುಕಲು ಅನುಮತಿ ಬೇಕು ಅಂತ ಮಾಡಿದ್ದರು. 2019ರಲ್ಲಿ ಅದನ್ನೂ ನಿಲ್ಲಿಸಿದರು.

ಎಲ್ಲವೂ ನಿಂತಿತು ಅಂದುಕೊಳ್ಳಬೇಡಿ. ಹೆಮಿಸ್ಫಿಯರ್ ಅಂತ ಇನ್ನೊಂದಿದೆ. ಮಾದಕವಸ್ತು ತಡೆಯುವ ಪೊಲೀಸರ ಜೊತೆ ಎಟಿ ಅಂಡ್ ಟಿ ನೌಕರರನ್ನೇ ಕೂರಿಸಿ, ಅವರ ಸಂಬಳವನ್ನು ಸರ್ಕಾರ ಕೊಡುವ ಏರ್ಪಾಡು. 1987ರಷ್ಟು ಹಿಂದಿನ ಕರೆಗಳ ಲೆಕ್ಕ ಅದರಲ್ಲಿದೆ. ಎಟಿ ಅಂಡ್ ಟಿ ಸ್ವಿಚ್ ದಾಟಿದ ಕರೆ ಯಾವ ಕಂಪನಿಯ ಗ್ರಾಹಕರದ್ದಾದರೂ ಅದಕ್ಕೆ ಸೇರುತ್ತದೆ. ಯಾವ ಅಧಿಕೃತ ಕಾಗದದಲ್ಲೂ ಈ ಹೆಸರು ಬರೆಯಬೇಡಿ ಅಂತ ಪೊಲೀಸರಿಗೆ ಹೇಳಿಕೊಟ್ಟಿದ್ದರು. ಅಂದರೆ ಕಟಕಟೆಯಲ್ಲಿ ನಿಂತವನಿಗೆ, ಅವನ ವಕೀಲನಿಗೆ, ಕೆಲವೊಮ್ಮೆ ನ್ಯಾಯಾಧೀಶರಿಗೂ ಸಾಕ್ಷ್ಯ ಎಲ್ಲಿಂದ ಹುಟ್ಟಿತು ಅಂತ ಗೊತ್ತಾಗುವುದಿಲ್ಲ. ಬೇರೆ ಹೆಸರಿನಲ್ಲಿ ಇದು ಮುಂದುವರಿದಿದೆ, ವರ್ಷಕ್ಕೆ ಲಕ್ಷ ಕೋಟಿಗೂ ಮೀರಿದ ಕರೆಗಳ ಲೆಕ್ಕ ಇದರಲ್ಲಿ ಸಿಗುತ್ತದೆ ಅಂತ ಸೆನೆಟರ್ ರಾನ್ ವೈಡನ್ 2023ರಲ್ಲಿ ಬಹಿರಂಗ ಮಾಡಿದರು.

ನಿಜವಾಗಿ ಒಪ್ಪಂದ ಅಂತ ಕಾಗದದ ಮೇಲೆ ಬರೆದದ್ದೂ ಇದೆ. ಸಮುದ್ರದಡಿಯ ಕೇಬಲ್‌ಗಳಿದ್ದ ಗ್ಲೋಬಲ್ ಕ್ರಾಸಿಂಗ್ ಎಂಬ ಕಂಪನಿಯನ್ನು ಸಿಂಗಪುರದವರು ಕೊಳ್ಳಲು ಬಂದಾಗ, 2003ರಲ್ಲಿ ಅಮೆರಿಕ ಸರ್ಕಾರ ಷರತ್ತು ಹಾಕಿತು. ಜಾಲವನ್ನು ನಿಯಂತ್ರಿಸುವ ಕೇಂದ್ರ ಅಮೆರಿಕದ ನೆಲದಲ್ಲೇ ಇರಬೇಕು. 30 ನಿಮಿಷ ಮುಂಚೆ ಹೇಳಿ ಅಧಿಕಾರಿಗಳು ಒಳಗೆ ಬರಬಹುದು. ಕಣ್ಗಾವಲಿನ ಕೋರಿಕೆಗಳನ್ನು ಸರ್ಕಾರ ಪರಿಶೀಲಿಸಿ ಒಪ್ಪಿದ ಅಮೆರಿಕನ್ ನೌಕರರೇ ನೋಡಿಕೊಳ್ಳಬೇಕು. ಆಮೇಲೆ ಬಂದ ಬೇರೆ ಕಂಪನಿಗಳಿಗೂ ಇದೇ ಮಾದರಿಯಾಯಿತು.

ಈಗ ನಮ್ಮ ದೇಶ. ಇಲ್ಲಿ ಗುಟ್ಟಿನ ಒಪ್ಪಂದದ ಅಗತ್ಯವೇ ಕಡಿಮೆ, ಯಾಕೆಂದರೆ ಲೈಸೆನ್ಸಿನಲ್ಲೇ ಬರೆದಿದೆ. ಕಾನೂನುಬದ್ಧವಾಗಿ ಕೇಳಿದಾಗ ಕರೆ ಆಲಿಸುವ ಸೌಲಭ್ಯವನ್ನು ಪ್ರತಿ ಕಂಪನಿಯೂ ಕೊಡಬೇಕು. ಸಿಡಿಆರ್‌ಗಳನ್ನು ಹಿಂದೆ ಒಂದು ವರ್ಷ ಇಡಬೇಕಿತ್ತು, 2021ರ ಡಿಸೆಂಬರ್‌ನಿಂದ ಎರಡು ವರ್ಷ. 1885ರ ಟೆಲಿಗ್ರಾಫ್ ಕಾನೂನಿನ ಅಧಿಕಾರ 2023ರ ಟೆಲಿಕಮ್ಯುನಿಕೇಷನ್ಸ್ ಕಾನೂನಿಗೂ ದಾಟಿ ಬಂದಿದೆ. ಫೋನ್ ಕೇಳಲು ಅನುಮತಿ ಕೊಡುವವರು ಗೃಹ ಕಾರ್ಯದರ್ಶಿ. ಮುಂಚಿತವಾಗಿ ಯಾವ ನ್ಯಾಯಾಧೀಶರೂ ನೋಡುವುದಿಲ್ಲ. ಒಂದು ಆದೇಶ 60 ದಿನ, ಮುಂದುವರಿಸಿದರೂ ಒಟ್ಟು 180 ದಿನ ದಾಟುವಂತಿಲ್ಲ. ಗೃಹ ಕಾರ್ಯದರ್ಶಿಯೇ ಅನುಮತಿಸಬೇಕು, ಅದನ್ನು ಸಮಿತಿಯೊಂದು ಪರಿಶೀಲಿಸಬೇಕು ಎಂಬ ಕಟ್ಟುಪಾಡು ಬಂದದ್ದೂ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಫೋನ್ ಕದ್ದು ಕೇಳಿದ ಆರೋಪ ಎಂಥದ್ದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ರಾಮಕೃಷ್ಣ ಹೆಗಡೆಯವರು 1988ರಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದು ಅದೇ ವಿವಾದದಲ್ಲಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟ ಮೊಕದ್ದಮೆ ಹಾಕಿದವರೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಕಡೆಗೆ ನಿಮ್ಮ ತಿಂಡಿ ಹೊತ್ತಿನ ಕರೆ. ಮಗಳು ಅಮೆರಿಕದ ನೆಲದಲ್ಲಿರುವುದರಿಂದ ಅವರನ್ನು ಗುರಿ ಮಾಡಿ ಮಾತು ಕೇಳಲು ಅಲ್ಲಿ ನ್ಯಾಯಾಲಯದ ಆದೇಶ ಬೇಕು. ನಿಮಗೆ ಆ ರಕ್ಷಣೆ ಇಲ್ಲ. 2008ರ ತಿದ್ದುಪಡಿಯಲ್ಲೇ ಬಂದ 702ನೇ ಕಲಮಿನ ಪ್ರಕಾರ, ಹೊರದೇಶದಲ್ಲಿರುವ ವಿದೇಶಿಯರನ್ನು ಒಬ್ಬೊಬ್ಬರಿಗೂ ಬೇರೆ ವಾರಂಟ್ ಇಲ್ಲದೆ ಗುರಿ ಮಾಡಬಹುದು. 2024ರ ಏಪ್ರಿಲ್‌ನಲ್ಲಿ ಅದನ್ನು ಮತ್ತೆ ಎರಡು ವರ್ಷಕ್ಕೆ ಮುಂದುವರಿಸಿದರು. ನಿಮ್ಮನ್ನು ಗುರಿ ಮಾಡಲು ಅವರಿಗೆ ಕಾರಣ ಇರಲಿಕ್ಕಿಲ್ಲ, ಹಾಗಾಗಿ ಯಾರೋ ಕೂತು ಕೇಳುತ್ತಿದ್ದಾರೆ ಅಂತ ಹೆದರಬೇಡಿ. ಕರೆ ಆಯಿತು ಅನ್ನುವ ಸಾಲು ಮಾತ್ರ ಎರಡೂ ದೇಶದ ಕಂಪನಿಗಳಲ್ಲಿ ಉಳಿಯುತ್ತದೆ.

ಮಾತು ನಿಮ್ಮಿಬ್ಬರ ನಡುವೆಯೇ ಇರಬೇಕು ಅನ್ನಿಸಿದರೆ ಮಾಮೂಲಿ ಐಎಸ್‌ಡಿ ಕರೆಯ ಬದಲು ವಾಟ್ಸಾಪ್ ಅಥವಾ ಸಿಗ್ನಲ್ ಕರೆ ಮಾಡಿ. ಎರಡರಲ್ಲೂ ಮಾತು ನಿಮ್ಮ ಫೋನಿನಿಂದ ಮಗಳ ಫೋನಿನವರೆಗೆ ಬೀಗ ಹಾಕಿಕೊಂಡು ಹೋಗುತ್ತದೆ. ಆದರೆ ಯಾರು ಯಾರಿಗೆ ಮಾಡಿದರು ಅನ್ನುವ ಲೆಕ್ಕದಲ್ಲಿ ಎರಡೂ ಒಂದೇ ಅಲ್ಲ. 2016ರಲ್ಲಿ ಅಮೆರಿಕದ ನ್ಯಾಯಾಲಯವೊಂದರಿಂದ ಸಮನ್ಸ್ ಬಂದಾಗ ಸಿಗ್ನಲ್‌ನವರ ಹತ್ತಿರ ಕೊಡಲು ಇದ್ದದ್ದು ಎರಡೇ ಸಂಗತಿ: ಖಾತೆ ಶುರುವಾದ ಸಮಯ, ಕೊನೆಯ ಸಲ ಜಾಲಕ್ಕೆ ಬಂದ ದಿನ. ಬೇರೇನನ್ನೂ ಅವರು ಇಟ್ಟುಕೊಂಡೇ ಇರಲಿಲ್ಲ. ಮಗಳು ಮುಂದಿನ ಸಲ ಊರಿಗೆ ಬಂದಾಗ ಸಿಗ್ನಲ್ ಅನ್ನು ನಿಮ್ಮ ಫೋನಿಗೆ ಹಾಕಿಕೊಡಲು ಹೇಳಿ. ಹಾಗೇ ಅಕ್ಷರದ ಗಾತ್ರವನ್ನೂ ದೊಡ್ಡದು ಮಾಡಿಸಿಕೊಳ್ಳಿ. ಆಮೇಲೆ ಈಗಿನಂತೆಯೇ, ತಿಂಡಿ ಮುಗಿಸಿ ಅದರಿಂದಲೇ ಕರೆ ಮಾಡಬಹುದು.